ಒಂಬತ್ತನೆಯ ಸುರುಳಿಯ ಆರನೆಯದು

ರೆಕಾರ್ಡು ಕಂಪನಿಯ ಮನುಷ್ಯ ಬಂದ ದಿನ ನಮ್ಮ ಪಿಯಾನೊದ ಮೇಲೆ ಹನ್ನೆರಡು ಮೇಜುಬಟ್ಟೆಗಳಿದ್ದವು. ನಾನು ಮನೆಯಲ್ಲೇ ಹೋಟೆಲಿನ ಬಟ್ಟೆ ಇಸ್ತ್ರಿ ಮಾಡುತ್ತೇನೆ. ಮಡಿಸಿದ್ದು ಸುಕ್ಕಾಗದಂತೆ ಇಡಲು ನಮ್ಮಲ್ಲಿ ಬೇರೆ ಜಾಗವಿಲ್ಲ. ಅಮ್ಮ ಅಷ್ಟನ್ನೂ ಎತ್ತಿ ನನ್ನ ಕೈಗೆ ತುರುಕಿ, "ಒಳಗೆ ನಡಿ," ಎಂದಳು. ನಾನು ಬಾಗಿಲ ಹಿಂದೆ ಬಟ್ಟೆ ಹಿಡಿದುಕೊಂಡೇ ನಿಂತೆ.

ಬಂದವನಿಗೆ ಎದೆಯವರೆಗೆ ಗಡ್ಡ. ಕುರ್ಚಿಯ ತುದಿಯಲ್ಲಿ ಕುಳಿತು ತಾತನಿಗೆ ಹೇಳುತ್ತಿದ್ದ: "ನಿಮ್ಮ ಹಳೇ ಟೇಪುಗಳಿಂದ ಹದಿನೈದು ಆರಿಸಿ ಒಂದು ಆಲ್ಬಮ್ ಮಾಡೋಣ ಅಂತ. ಜಾಝ್ ಪಿಯಾನೊ, ಆದ್ರೆ ಲ್ಯಾಟಿನ್ ತಾಳ. ಇವತ್ತು ಅಂಥದ್ದನ್ನ ಹುಡುಕಿಕೊಂಡು ಹೋಗಿ ಕೇಳೋರಿದಾರೆ."

"ಹುಡುಕಿದ್ರೆ ಸಿಕ್ತಿರಲಿಲ್ವಾ? ನಾನೇನು ಅಟ್ಟದ ಮೇಲೆ ಬಚ್ಚಿಟ್ಟುಕೊಂಡಿದ್ನಾ?" ಎಂದ ತಾತ. ಆದರೆ ಅವನ ಮೊಣಕಾಲು ಸಂತೋಷಕ್ಕೆ ಕುಣಿಯುತ್ತಿತ್ತು.

ತಾತನಿಗೆ ಎಪ್ಪತ್ತೆಂಟು. ಇಪ್ಪತ್ತರ ಪ್ರಾಯದಲ್ಲಿ ಆರು ವರ್ಷ ಪ್ರಯಾಣಿಕರ ಹಡಗಿನ ಬ್ಯಾಂಡಿನಲ್ಲಿ ಪಿಯಾನೊ ನುಡಿಸಿದವನು. ಆ ಬ್ಯಾಂಡಿನಲ್ಲಿ ಯಾವುದೋ ದೂರದ ದ್ವೀಪದ ಇಬ್ಬರು ಡ್ರಮ್ಮಿನವರಿದ್ದರಂತೆ. ಅವರಿಂದ ರುಂಬಾ, ಬೊಲೆರೊ, ಚಾ-ಚಾ-ಚಾ ಎಂಬ ಕುಣಿತದ ತಾಳಗಳನ್ನು ಕಲಿತು ತನ್ನ ಜಾಝ್‌ಗೆ ಬೆರೆಸಿಕೊಂಡ. ಹಡಗು ಬಿಟ್ಟ ಮೇಲೆ ಮೂವತ್ತು ವರ್ಷ ಒಂದೇ ಹೋಟೆಲಿನ ಊಟದ ಕೋಣೆಯಲ್ಲಿ ನುಡಿಸಿದ. "ನನಗೆ ಚಪ್ಪಾಳೆಗಿಂತ ಚಮಚದ ಸದ್ದೇ ಜಾಸ್ತಿ ಬಿದ್ದದ್ದು," ಎಂದು ತಾನೇ ಹೇಳಿಕೊಳ್ಳುತ್ತಾನೆ. ಅವನ ಹೆಸರಿನಲ್ಲಿ ಇದುವರೆಗೆ ಒಂದು ಆಲ್ಬಮ್ಮೂ ಬಂದಿರಲಿಲ್ಲ.

ಟೇಪುಗಳೆಲ್ಲ ಮನೆಯಲ್ಲಿ ಮಾಡಿದವು. ಹಡಗಿನಿಂದ ತಂದ ಯಂತ್ರವೊಂದಿತ್ತು, ದೊಡ್ಡ ಸುರುಳಿಯ ಟೇಪಿನದು. ಅಂಥ ಟೇಪು ಅಂಗಡಿಗಳಲ್ಲಿ ಸಿಗುವುದು ನಿಂತ ಮೇಲೂ ತಾತ ಇದ್ದುದನ್ನೇ ಜೋಪಾನವಾಗಿ ಬಳಸಿದ. ಒಟ್ಟು ಹದಿನಾಲ್ಕು ಸುರುಳಿ. ಪ್ರತಿಯೊಂದರ ಡಬ್ಬಿಯ ಮೇಲೆ ಒಳಗಿರುವ ತುಣುಕುಗಳ ಹೆಸರು ಅವನ ಕೈಬರಹದಲ್ಲಿದೆ. ಪಟ್ಟಿ ಮಾಡುವ ಕೆಲಸ ನನಗೆ ಬಂತು. ನಾನು ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು, ಆದರೆ ನನ್ನ ಅಕ್ಷರ ಚೆನ್ನಾಗಿದೆ, ಮತ್ತು ಇಸ್ತ್ರಿ ಮಾಡುತ್ತಾ ಕೇಳಬಹುದು.

ಒಂಬತ್ತನೆಯ ಸುರುಳಿಗೆ ಬಂದಾಗ ಲೆಕ್ಕ ತಪ್ಪಿತು.

"ತಾತಾ, ಡಬ್ಬಿ ಮೇಲೆ ಐದೇ ಹೆಸರಿದೆ. ಒಳಗೆ ಆರಿದೆ."

"ಜೋರಾಗಿ ಹೇಳು ಪಿಸು, ನಿನ್ನ ಮಾತು ನಿನ್ನ ಮೂಗಿಗಾದ್ರೂ ಕೇಳುತ್ತಾ?" ತಾತ ನನ್ನನ್ನು ಪಿಸು ಎಂದೇ ಕರೆಯುವುದು. ಎರಡನೆಯ ಸಲ ಹೇಳಿದ ಮೇಲೆ ಯಂತ್ರದ ಹತ್ತಿರ ಬಂದು, ಕಿವಿಯ ಯಂತ್ರವನ್ನೂ ತಿರುಗಿಸಿಕೊಂಡು ಒಂದು ಹತ್ತು ಸೆಕೆಂಡು ಕೇಳಿದ. ಎಡಗೈ ಮೂರು ಪೆಟ್ಟು ಹಾಕಿ, ಉಸಿರು ಹಿಡಿದು, ಮತ್ತೆ ಎರಡು ಪೆಟ್ಟು ಹಾಕುತ್ತಿತ್ತು. ಅದರ ಮೇಲೆ ಬಲಗೈ ಯಾರೋ ಮೆಟ್ಟಿಲಿಳಿಯುವ ಹಾಗೆ ಇಳಿದು ಬರುತ್ತಿತ್ತು.

"'ಬಂದರಿನ ಬೆಳಗು' ಅಂತ ಬರಿ. ಹಡಗು ದಡ ಮುಟ್ಟೋವಾಗ ನುಡಿಸ್ತಿದ್ದೆ."

ನಾನು ಬರೆದೆ.

ಮೂರು ವಾರದ ಮೇಲೆ ಕಂಪನಿಯಿಂದ ಒಂದು ಸೀಡಿ ಬಂತು. ಜೊತೆಯಲ್ಲಿ ಗಡ್ಡದವನ ಪತ್ರ: ಆಲ್ಬಮ್ಮಿಗೆ 'ಬಂದರಿನ ಬೆಳಗು' ಎಂದೇ ಹೆಸರಿಡುತ್ತೇವೆ, ಆ ತುಣುಕೇ ಮೊದಲನೆಯದು, ಅದನ್ನು ಕೇಳಿ ನಮ್ಮ ಕಚೇರಿಯಲ್ಲಿ ಎಲ್ಲರೂ ಕೆಲಸ ನಿಲ್ಲಿಸಿದರು.

ಅಂದು ಭಾನುವಾರ. ಅತ್ತೆ ಬೇಕರಿಯಿಂದ ಮಿಕ್ಕ ಬ್ರೆಡ್ಡು ತಂದಿದ್ದಳು. ಅತ್ತೆ ಅಪ್ಪನ ತಂಗಿ, ಬೇಕರಿಯಲ್ಲಿ ಕೆಲಸ, ಭಾನುವಾರದ ಊಟ ನಮ್ಮಲ್ಲಿ. ಎಲ್ಲರೂ ಮೇಜಿನ ಸುತ್ತ ಕುಳಿತ ಮೇಲೆ ತಾತ ಸೀಡಿ ಹಾಕಿದ.

ಅಮ್ಮ ಆಲೂಗಡ್ಡೆ ಬಡಿಸುತ್ತಿದ್ದಳು. ಸಂಗೀತ ಶುರುವಾದದ್ದೇ ಅವಳ ಸೌಟು ಅತ್ತೆಯ ತಟ್ಟೆಯ ಮೇಲೆ ಹಾಗೇ ನಿಂತುಬಿಟ್ಟಿತು. ಅಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದ, ಬೇಡ ಎನ್ನುವ ಹಾಗೆ.

"ಅತ್ತಿಗೆ, ಬೀಳಿಸ್ತೀಯೋ, ಮೇಲೇ ಹಿಡಿದಿರ್ತೀಯೋ?" ಎಂದಳು ಅತ್ತೆ.

ತಾತ ಕಣ್ಣು ಮುಚ್ಚಿದ್ದ. "ನೋಡ್ರೋ, ಕೈ ಅಂದ್ರೆ ಇದು. ಎಡಗೈ ಎಲ್ಲೂ ಅವಸರ ಮಾಡಲ್ಲ. ಬಲಗೈ ತಡವಾಗಿ ಬಂದ್ರೂ ಬೈಯಲ್ಲ, ಕಾಯುತ್ತೆ. ಇದನ್ನ ಕಲಿಸೋಕಾಗಲ್ಲ. ಹುಟ್ಟಿನಿಂದ ಬರಬೇಕು." ಆಮೇಲೆ ಅಪ್ಪನ ಕಡೆ ತಿರುಗಿ, "ಏನೋ, ಹೇಗಿದೆ?" ಎಂದ.

"ಚೆನ್ನಾಗಿದೆ," ಎಂದ ಅಪ್ಪ. ಅವನ ಕಿವಿ ಕೆಂಪಾಗಿತ್ತು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಡಿಮೆ. ಅಂದು ಎರಡನೆಯ ಸಲ ಆಲೂಗಡ್ಡೆ ಹಾಕಿಸಿಕೊಂಡ, ಅದೇ ಹೊಸದು.

ಅಲ್ಲಿಂದ ಹದಿನೈದು ದಿನ ನಮ್ಮ ಮನೆಯಲ್ಲಿ ಅದೊಂದೇ ಸಂಗೀತ. ಬೆಳಗಿನ ಟೀಗೆ ಒಮ್ಮೆ, ಮಧ್ಯಾಹ್ನ ನನ್ನ ಇಸ್ತ್ರಿಯ ಹೊತ್ತಿಗೆ ಒಮ್ಮೆ, ಅಪ್ಪ ಕೆಲಸ ಮುಗಿಸಿ ಬಂದು ಕೈಯ ಗ್ರೀಸು ತಿಕ್ಕಿ ತೊಳೆಯುವಾಗ ಒಮ್ಮೆ. ಪಕ್ಕದ ಮನೆಯ ದರ್ಜಿ ಬಂದರೆ ಅವನಿಗೂ, ಹಾಲಿನವಳು ಬಂದರೆ ಅವಳಿಗೂ ಬಾಗಿಲಲ್ಲೇ ಕೇಳಿಸಿದ್ದಾಯಿತು. "ಇನ್ನು ಹದಿನಾಲ್ಕು ಇದಾವಂತಲ್ಲ, ಅವೇನು ಪಾಪ ಮಾಡಿದ್ವು?" ಎಂದು ಹಾಲಿನವಳು ಕೇಳಿದಳು. "ಅವೂ ನನ್ನವೇ. ಆದ್ರೆ ಇದರಲ್ಲಿ ನಾನು ನನಗಿಂತ ಚೆನ್ನಾಗಿದ್ದೀನಿ," ಎಂದ ತಾತ.

ತಾತ ಹೊಗಳಿದಷ್ಟೂ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಹೆಚ್ಚುತ್ತಿತ್ತು. ಅಮ್ಮ ಮುಚ್ಚಳ ಇಡುತ್ತಿರಲಿಲ್ಲ, ಬಡಿಯುತ್ತಿದ್ದಳು. ಅಪ್ಪ ಮಾತ್ರ ಡಿಪೋದಿಂದ ಬೇಗ ಬರತೊಡಗಿದ. ಕೈ ತೊಳೆಯಲು ಅವನಿಗೆ ಐದು ನಿಮಿಷ ಸಾಕು. ಆ ದಿನಗಳಲ್ಲಿ ಕಾಲು ಗಂಟೆ ತೊಳೆಯುತ್ತಿದ್ದ.

ನನಗೆ ಗೊತ್ತಾದದ್ದು ಒಂದು ಗುರುವಾರ, ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುವಾಗ. ತಾತ ನುಡಿಸುವಾಗ ಗುನುಗುತ್ತಾನೆ. ಒಲೆಯ ಮೇಲೆ ಕುದಿಯಲು ಹೊರಟ ನೀರಿನ ಹಾಗೆ ಒಂದು ಸದ್ದು ಅವನ ಗಂಟಲಿನಿಂದ ಬರುತ್ತಲೇ ಇರುತ್ತದೆ. ಅವನಿಗೇ ಅದು ತಿಳಿಯದು. ಸೀಡಿಯ ಉಳಿದ ಹದಿನಾಲ್ಕೂ ತುಣುಕುಗಳಲ್ಲಿ ಆ ಗುನುಗು ಇದೆ. ಕಂಪನಿಯವರು ಎಷ್ಟು ಸ್ವಚ್ಛ ಮಾಡಿದರೂ ಹೋಗಿರಲಿಲ್ಲ. 'ಬಂದರಿನ ಬೆಳಗು' ತುಣುಕಿನಲ್ಲಿ ಇಲ್ಲ. ನಾಲ್ಕು ಸಲ ಹಾಕಿ ಕೇಳಿದೆ. ಒಂದು ದಿಂಬಿನ ಚೀಲ ಸುಟ್ಟಿತು.

ಅಮ್ಮ ಹಿತ್ತಿಲಿನಲ್ಲಿ ಬಟ್ಟೆ ಹಿಂಡುತ್ತಿದ್ದಳು. ಚಾದರದ ಇನ್ನೊಂದು ತುದಿ ನಾನು ಹಿಡಿದೆ.

"ಅಮ್ಮಾ, ಅದು ತಾತ ನುಡಿಸಿದ್ದಲ್ಲ."

ಅಮ್ಮ ಹಿಂಡುವುದನ್ನು ನಿಲ್ಲಿಸಲಿಲ್ಲ. "ಅಂತೂ ಈ ಮನೇಲಿ ಒಬ್ಬರಿಗೆ ಕಿವಿ ಇದೆ."

"ಯಾರು ಮತ್ತೆ?"

"ನಾನು ಮದುವೆಗೆ ಮುಂಚೆ ಇದೇ ಕಟ್ಟಡದ ಮೇಲಿನ ಮಹಡೀಲಿದ್ದೆ, ಗೊತ್ತಲ್ಲ? ನಿಮ್ಮ ತಾತ ಹೋಟೆಲಿಗೆ ಹೊರಟ ಕೂಡ್ಲೇ ಕೆಳಗಿಂದ ಇದು ಕೇಳ್ತಿತ್ತು. ಒಂದು ದಿನ ಯಾರಪ್ಪಾ ಇದು ಅಂತ ನೋಡೋಕೆ ಇಳಿದು ಬಂದೆ. ಬಂದವಳು ಇಲ್ಲೇ ಇದೀನಿ, ನಿಮ್ಮೆಲ್ಲರ ಬಟ್ಟೆ ಹಿಂಡ್ತಾ." ಅವಳು ಚಾದರವನ್ನು ಒಮ್ಮೆ ಜೋರಾಗಿ ಒದರಿದಳು. "ನಿಮ್ಮಪ್ಪನ ಕೈ ಅದು. ಹತ್ತೊಂಬತ್ತು ವರ್ಷದ ಕೈ."

"ತಾತನಿಗೆ ಹೇಳ್ಬಾರದಾ?"

"ನಾನ್ಯಾಕೆ ಹೇಳಲಿ? ಹೋಗಿ ನಿಮ್ಮಪ್ಪನ್ನ ಕೇಳು. ಮದುವೆಯಾದಾಗಿಂದ ಆ ಮನುಷ್ಯನ ಬಾಯಲ್ಲಿ ಒಂದೇ ಮಾತು, ಇರಲಿ ಬಿಡು. ಚಾವಣಿ ಸೋರಿದ್ರೂ ಇರಲಿ ಬಿಡು."

ಶನಿವಾರ ಅಪ್ಪ ಪಿಯಾನೊದ ಮುಚ್ಚಳ ಬಿಚ್ಚಿ ತಂತಿ ಬಿಗಿಯುತ್ತಿದ್ದ. ಮುಂದಿನ ವಾರ ಕಂಪನಿಯವರು ತಾತನ ಫೋಟೊ ತೆಗೆಯಲು ಬರುವವರಿದ್ದರು. ವರ್ಷಕ್ಕೊಮ್ಮೆ ಶ್ರುತಿ ಮಾಡುವುದು ಅಪ್ಪನೇ. ಹಳೆಯ ಟೇಪಿನ ಯಂತ್ರಕ್ಕೆ ಬೆಲ್ಟು ಕತ್ತರಿಸಿ ಹಾಕಿದವನೂ ಅವನೇ. ಆದರೆ ಅವನು ಪಿಯಾನೊದ ಎರಡು ಕೀಗಳನ್ನು ಒಟ್ಟಿಗೆ ಒತ್ತಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಒಂದು ಒತ್ತುತ್ತಾನೆ, ಕೇಳುತ್ತಾನೆ, ಬಿಗಿಯುತ್ತಾನೆ, ಮುಂದಿನದಕ್ಕೆ ಹೋಗುತ್ತಾನೆ. ಬಸ್ಸಿನ ಚಕ್ರದ ಬೋಲ್ಟು ನೋಡಿದ ಹಾಗೆ.

"ಅಪ್ಪಾ, ಒಂಬತ್ತನೇ ಸುರುಳಿಯ ಆರನೇದು ನಿಮ್ಮದಾ?"

ಅಪ್ಪ ಒಂದು ಕೀ ಒತ್ತಿದ. ಇನ್ನೊಮ್ಮೆ ಒತ್ತಿದ. "ನಿಮ್ಮ ತಾತ ಸುರುಳಿಯ ಕೊನೇಲಿ ಒಂದಿಷ್ಟು ಖಾಲಿ ಬಿಟ್ಟಿರ್ತಿದ್ರು. ಆ ಟೇಪು ಹಾಳು ಯಾಕೆ ಅಂತ ಅದರಲ್ಲಿ ನಾನು ನುಡಿಸಿಟ್ಟಿದ್ದೆ. ನಂದು ಮಿಕ್ಕದ್ದನ್ನೆಲ್ಲ ಆಮೇಲೆ ಅವರು ಕೇಳದೇ ಅಳಿಸಿ ತಮ್ಮದು ತುಂಬಿದ್ರು. ಇದೊಂದು ಉಳಿದಿದೆ ಅಂತ ನಂಗೇ ಗೊತ್ತಿರಲಿಲ್ಲ."

"ತಾತನಿಗೆ ಯಾಕೆ ಗೊತ್ತಾಗ್ಲಿಲ್ಲ?"

"ಹೇಗೆ ಗೊತ್ತಾಗುತ್ತೆ? ಅವರ ಕೈ ನೋಡಿ ನೋಡಿ ಕದ್ದ ಕೈ ತಾನೇ ನಂದು."

"ಹೇಳಿ ಮತ್ತೆ."

"ಎಪ್ಪತ್ತೆಂಟು ವರ್ಷಕ್ಕೆ ಒಂದು ಆಲ್ಬಮ್ ಬರ್ತಿದೆ ಆ ಮನುಷ್ಯನಿಗೆ. ಅದರ ಹೆಸರೇ ಅದು, ಶುರುವೇ ಅದು. ಈಗ ಆ ಇಟ್ಟಿಗೆ ಎಳೆದ್ರೆ ಇಡೀ ಗೋಡೆ ಬೀಳುತ್ತೆ. ಇರಲಿ ಬಿಡು."

ಮರುದಿನ ಭಾನುವಾರ. ಕಂಪನಿಯ ಕಾಗದ ಹಿಂದಿನ ದಿನವೇ ಬಂದಿತ್ತು, ಜೊತೆಗೆ ಮುಖಪುಟದ ಮಾದರಿ. ಸಹಿ ಮಾಡಿ ಸೋಮವಾರ ಕಳಿಸಿದರೆ ಅಚ್ಚಿಗೆ ಹೋಗುತ್ತದೆ. ಊಟ ಮುಗಿದು ತಟ್ಟೆಗಳು ಇನ್ನೂ ಮೇಜಿನ ಮೇಲಿದ್ದಾಗ ಅತ್ತೆ ಪೆನ್ನು ತೆಗೆದು ತಾತನ ಮುಂದಿಟ್ಟಳು.

"ಓದದೇ ಸಹಿ ಹಾಕಬೇಡಪ್ಪಾ. ಆಮೇಲೆ ಪಿಯಾನೊನೂ ಅವರದ್ದೇ ಅಂದಾರು."

"ನನ್ನ ಕಣ್ಣಿಗೆ ಇದು ಇರುವೆ ಸಾಲು. ಪಿಸು ಓದ್ಲಿ. ಜೋರಾಗಿ ಓದೇ, ಎಲ್ರಿಗೂ ಕೇಳೋ ಹಾಗೆ."

ನಾನು ಎದ್ದು ನಿಂತು ಓದಿದೆ. ಮೊದಲ ಪುಟದಲ್ಲಿ ಹೆಸರು, ವಿಳಾಸ, ಎಷ್ಟು ಪ್ರತಿ, ಎಷ್ಟು ವರ್ಷ. ಎರಡನೆಯ ಪುಟದಲ್ಲಿ ಹದಿನೈದು ತುಣುಕುಗಳ ಪಟ್ಟಿ, ನಾನು ಬರೆದುಕೊಟ್ಟದ್ದೇ. ಅದರ ಕೆಳಗೆ ಒಂದು ಸಾಲು: 'ಮೇಲಿನ ಎಲ್ಲ ತುಣುಕುಗಳನ್ನು ನಾನೇ ನುಡಿಸಿರುತ್ತೇನೆಂದು...' ಅಲ್ಲಿಗೆ ನಿಂತೆ.

"ಮುಂದೆ?" ಎಂದ ತಾತ.

ನಾನು ಅಪ್ಪನನ್ನು ನೋಡಿದೆ. ಅಪ್ಪ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡುತ್ತಿದ್ದ.

"ಏನೇ, ಅಕ್ಷರ ಮರೆತುಹೋಯ್ತಾ?"

"ಮೊದಲನೇದು ನೀವು ನುಡಿಸಿದ್ದಲ್ಲ ತಾತಾ. ಅಪ್ಪ ನುಡಿಸಿದ್ದು."

ನನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ನನಗೂ ಗೊತ್ತಿರಲಿಲ್ಲ. ಅತ್ತೆ ಅಪ್ಪನ ಕಡೆ ತಿರುಗಿದಳು. ಅಮ್ಮ ಅಡಿಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

ತಾತ ನಕ್ಕ. "ನನ್ನ ಕೈ ನಂಗೆ ಗೊತ್ತಿಲ್ವಾ? ಇವನು ನುಡಿಸಿದ್ದಂತೆ! ಇವನು ಯಾವಾಗ ನುಡಿಸಿದ?"

"ನೀವು ಹೋಟೆಲಿಗೆ ಹೋದಾಗ, ಮಾವ," ಎಂದಳು ಅಮ್ಮ. "ದಿನಾ. ಕೇಳಿದವಳು ನಾನಿದೀನಿ."

"ನಿನ್ನ ಸಾಕ್ಷಿ ಬಿಡಮ್ಮ, ನೀನು ಅವನ ಪಕ್ಷ."

"ಹಾಗಾದ್ರೆ ಹಾಕಿ ಕೇಳಿ. ನೀವು ನುಡಿಸಿದ ಎಲ್ಲದರಲ್ಲೂ ಗುನುಗ್ತೀರಿ, ತಾತಾ," ಎಂದೆ ನಾನು. "ಇದರಲ್ಲಿ ಇಲ್ಲ."

"ನಾನಾ? ಗುನುಗ್ತೀನಾ?"

"ಅಯ್ಯೋ ಅಪ್ಪಾ," ಎಂದಳು ಅತ್ತೆ, "ಹೋಟೆಲಿನವರು ಒಂದ್ಸಲ ಪಿಯಾನೊ ಒಳಗೆ ಜೇನುಗೂಡು ಕಟ್ಟಿದೆ ಅಂತ ಬಿಚ್ಚಿಸಿ ನೋಡಿದ್ರು, ಮರೆತೆಯಾ?"

ನಾನು ಎರಡನೆಯ ತುಣುಕು ಹಾಕಿದೆ, ಗುನುಗು ಕೇಳಿಸಿತು. ಮೂರನೆಯದು ಹಾಕಿದೆ, ಅದರಲ್ಲೂ ಕೇಳಿಸಿತು. ಆಮೇಲೆ ಮೊದಲನೆಯದು. ತಾತ ಕೈಯನ್ನು ಕಿವಿಗೆ ಒತ್ತಿ ಹಿಡಿದು ಕೊನೆಯವರೆಗೂ ಕೇಳಿದ. ಮುಗಿದ ಮೇಲೆ ನೀರು ಕುಡಿದ. ಲೋಟ ಕೆಳಗಿಟ್ಟು ಹೇಳಿದ:

"ಎಡಗೈ ಅವಸರ ಮಾಡುತ್ತೆ."

ತಾತ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಮಧ್ಯದಲ್ಲಿ ಬಲಗೈ ಸೋಮಾರಿ. ಎಲ್ಲಿ ಬರಬೇಕೋ ಅಲ್ಲಿ ಬರಲ್ಲ. ಆಗಲೇ ಅನ್ನಿಸಿತ್ತು ನಂಗೆ."

"ನಿನ್ನೆ ಸಂಜೆವರೆಗೂ ಜೇನಾಗಿದ್ದು ಇವತ್ತು ಮಧ್ಯಾಹ್ನ ಹುಳಿಯಾಯ್ತಾ, ಮಾವ?" ಅಮ್ಮ ಬಾಗಿಲಿನಿಂದಲೇ ಕೇಳಿದಳು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಈ ಮನೇಲಿ ಹೆಗ್ಗಣದಷ್ಟೂ ಪುಣ್ಯ ಮಾಡಿ ಹುಟ್ಟಲಿಲ್ಲ ಇವರು."

"ಅಪ್ಪಾ, ಅಣ್ಣನನ್ನ ಒಂದೇ ಒಂದು ದಿನ ಹೋಟೆಲಿಗೆ ಕರಕೊಂಡು ಹೋಗಿ ನುಡಿಸಿದ್ದೆ," ಎಂದಳು ಅತ್ತೆ. "ನಾನೂ ಬಂದಿದ್ದೆ. ಮುಗಿದ ಮೇಲೆ ಅಡಿಗೆಯವರ ಮುಂದೆ ಏನಂದೆ? ಇವನ ಕೈ ಬಸ್ಸಿನ ಚಕ್ರಕ್ಕೆ ಸರಿ ಅಂದೆ. ಅಣ್ಣ ಮರುದಿನವೇ ಡಿಪೋಗೆ ಅರ್ಜಿ ಹಾಕಿದ."

"ತಮಾಷೆಗೆ ಅಂದಿದ್ದು."

"ಅಣ್ಣನಿಗೆ ಅದು ತಮಾಷೆ ಅಂತ ಯಾವಾಗ ಹೇಳಿದೆ?"

ಅತ್ತೆ ಈಗ ಅಪ್ಪನ ಮೇಲೆ ತಿರುಗಿದಳು. "ನೀನೂ ಅಷ್ಟೇ. ಹದಿನೈದು ದಿನ ಬಾಯಲ್ಲಿ ಏನಿಟ್ಟುಕೊಂಡಿದ್ದೆ? ಮೊದಲನೇ ದಿನವೇ ಹೇಳೋಕೆ ಏನಾಗಿತ್ತು?"

ಅಪ್ಪ ಬ್ರೆಡ್ಡಿನ ಚೂರುಗಳ ಗುಡ್ಡೆಯನ್ನು ತಟ್ಟೆಗೆ ಎಳೆದುಕೊಂಡ.

"ಹೇಳಿದ್ರೆ ಹೊಗಳೋದು ನಿಂತುಹೋಗ್ತಿತ್ತು," ಎಂದ.

ಅಷ್ಟು ಹೇಳಿ ತನ್ನ ತಟ್ಟೆ, ತಾತನ ತಟ್ಟೆ ಎರಡನ್ನೂ ಎತ್ತಿಕೊಂಡು ತೊಳೆಯಲು ಒಳಗೆ ಹೋದ. ಅಮ್ಮ ಅವನ ಹಿಂದೆ ಹೋದಳು. ನಲ್ಲಿಯ ಸದ್ದು ಕೇಳಿಸಿತು. ಮುಚ್ಚಳ ಬಡಿಯುವ ಸದ್ದು ಅಂದು ಕೇಳಿಸಲಿಲ್ಲ.

ತಾತ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ಅತ್ತೆ ಹೊರಡುವಾಗ, "ಕಾಗದ ಏನು ಮಾಡ್ತೀಯಾ?" ಎಂದು ಕೇಳಿದ್ದಕ್ಕೆ, "ಇರಲಿ ಬಿಡು," ಎಂದ. ಅದು ಅಪ್ಪನ ಮಾತು ಎಂದು ಹೊಳೆದಿರಬೇಕು, ಎದ್ದು ತನ್ನ ಕೋಣೆಗೆ ಹೋಗಿಬಿಟ್ಟ.

ಸೋಮವಾರ ಬೆಳಿಗ್ಗೆ ಅಪ್ಪ ಡಿಪೋದ ನೀಲಿ ಅಂಗಿ ಹಾಕಿಕೊಂಡು ಮೊಟ್ಟೆ ತಿನ್ನುತ್ತಿದ್ದ. ತಾತ ಸ್ನಾನ ಮಾಡಿ, ತಲೆ ಬಾಚಿಕೊಂಡು ಬಂದು ಫೋನಿನ ಹತ್ತಿರ ಕುಳಿತ. "ಪಿಸು, ಆ ಗಡ್ಡದವನ ನಂಬರು ಒತ್ತು. ಎಲ್ರಿಗೂ ಕೇಳೋ ಹಾಗೆ ಮಾಡಬೇಡ, ನಂಗೊಬ್ಬನಿಗೆ ಸಾಕು."

ಗಡ್ಡದವನು ಏನೆಂದನೋ ನಮಗೆ ಕೇಳಿಸಲಿಲ್ಲ. ತಾತನದ್ದು ಮಾತ್ರ ಇಡೀ ಕಟ್ಟಡಕ್ಕೆ ಕೇಳಿಸುತ್ತಿತ್ತು.

"ಸಹಿ ಹಾಕಿಲ್ಲ... ಹೂಂ, ಇವತ್ತೇ ಕೊನೇ ದಿನ ಅಂತ ಗೊತ್ತು. ಮೊದಲನೇದು ನಾನು ನುಡಿಸಿದ್ದಲ್ಲ. ತಪ್ಪಾಗಿದೆ... ಯಾರ ತಪ್ಪು ಅಂದ್ರೆ? ನಂದೇ. ಮೊಮ್ಮಗಳು ಸರಿಯಾಗೇ ಕೇಳಿದ್ಲು, ನಾನೇ ತಪ್ಪು ಹೇಳಿದೆ... ತೆಗೆದುಹಾಕ್ತೀರಾ? ಯಾಕೆ ತೆಗೀತೀರಿ? ನಿಮ್ಮ ಕಚೇರೀಲಿ ಅದನ್ನ ಕೇಳಿ ತಾನೇ ಕೆಲಸ ನಿಲ್ಲಿಸಿದ್ದು? ಈಗ ಕೆಲಸ ಮಾಡೋಕೆ ಶುರು ಮಾಡಿದ್ರಾ?"

ಅಮ್ಮ ಒಲೆಯ ಉರಿ ತಗ್ಗಿಸಿದಳು. ಅಪ್ಪ ಮೊಟ್ಟೆಯನ್ನು ಅರ್ಧಕ್ಕೆ ಬಿಟ್ಟು ಎದ್ದು ಬಾಗಿಲವರೆಗೆ ಹೋಗಿ, ಚಪ್ಪಲಿ ಹಾಕದೆ ಅಲ್ಲೇ ನಿಂತ.

"ನುಡಿಸಿದೋನ ಹೆಸರು ಹಾಕಿ ಇಟ್ಟುಕೊಳ್ಳಿ. ಕಾಗದದಲ್ಲಿ ಒಂದು ಸಾಲು ತಿದ್ದಿದ್ರೆ ನಿಮ್ಮ ಗಂಟೇನು ಹೋಗುತ್ತೆ? ಆದ್ರೆ ಮೊದಲನೇದಾಗಿ ಬೇಡ. ಮೊದಲನೇದು ನಂದೇ ಇರಬೇಕು, ಆಲ್ಬಮ್ ನಂದು... ಕೊನೇಲಿ? ಕೊನೇಲಿ ಹಾಕಿದ್ರೆ ಕೇಳಿದೋರ ತಲೇಲಿ ಅದೊಂದೇ ಉಳಿಯುತ್ತೆ, ಅದೂ ಬೇಡ. ಏಳನೇದು ಮಾಡಿ... ಹೂಂ, ಏಳು... ಹೆಸರು ಬದಲಾಯಿಸಬೇಡಿ. 'ಬಂದರಿನ ಬೆಳಗು' ನಾನಿಟ್ಟ ಹೆಸರು. ನುಡಿಸಿದ್ದು ಅವನಾದ್ರೂ ಹೆಸರು ನಂದೇ."

ಆಮೇಲೆ ಬಹಳ ಹೊತ್ತು ಕೇಳಿದ. ಗಡ್ಡದವನು ಯಾರನ್ನೋ ವಿಚಾರಿಸಿ ಬಂದಿರಬೇಕು. ತಾತನ ಭುಜ ನಿಧಾನವಾಗಿ ಇಳಿಯಿತು.

"ಸರಿ. ಹೊಸ ಕಾಗದ ಕಳಿಸಿ. ನಾವಿಬ್ರೂ ಸಹಿ ಹಾಕ್ತೀವಿ... ಯಾರು ಅಂದ್ರೆ? ನನ್ನ ಮಗ. ಬಸ್ ಡಿಪೋದಲ್ಲಿ ಕೆಲಸ... ಹೂಂ, ಒಳ್ಳೇ ಕೈ. ಎಡಗೈ ಒಂಚೂರು ಅವಸರ... ಏನಂದ್ರಿ?"

ತಾತ ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು ಬಾಗಿಲ ಕಡೆ ತಿರುಗಿದ.

"ಈಗಲೂ ನುಡಿಸ್ತಾರಾ ಅಂತ ಕೇಳ್ತಿದಾನೆ ಕಣೋ."

"ಇಲ್ಲ ಅನ್ನಿ," ಎಂದ ಅಪ್ಪ. "ಬಸ್ಸಿಗೆ ಹೊತ್ತಾಯ್ತು ನಂಗೆ."

ತಾತ ಅವನನ್ನು ತಲೆಯಿಂದ ಕಾಲವರೆಗೆ ನೋಡಿದ. ಅಂಗೈ ತೆಗೆದು ಫೋನಿಗೆ ಹೇಳಿದ:

"ಯೋಚನೆ ಮಾಡ್ತಿದಾನಂತೆ."